ವಾಹನ ಪ್ರಶ್ನೋತ್ತರ: ಹಳೆಯ ಕಾರಿಗೆ ನಂಬಿಕೆಯ ಪೆಟ್ರೋಲ್ ಪಂಪ್

ಪ್ರಶ್ನೆ: ಮಾನ್ಯರೇ, ನಮ್ಮ ತಂದೆಯವರು ಕೊಂಡ 1978ರ ಪ್ರೀಮಿಯರ್ ಪದ್ಮಿನಿ ಇಂದಿಗೂ ನಮ್ಮ ಮನೆಯಲ್ಲಿದೆ. ಎರಡು ವರ್ಷಗಳಲ್ಲಿ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಎಳೆದುಕೊಡುವ ಅದರ ಪಂಪನ್ನು ಎರಡು ಬಾರಿ ಬದಲಾಯಿಸಿದ್ದೇನೆ. ಮೊದಲನೆಯದು ಎಂಟು ತಿಂಗಳು ಬಾಳಿ ಸೋರತೊಡಗಿತು. ಈಗಿರುವ ಎರಡನೆಯದನ್ನು ಹಾಕಿ ನಾಲ್ಕು ತಿಂಗಳಾಗಿತ್ತು. ಕಳೆದ ಏಪ್ರಿಲ್‌ನಲ್ಲಿ ಚಿತ್ರದುರ್ಗಕ್ಕೆ ಹೊರಟಾಗ ಭರಮಸಾಗರದ ಬಳಿ ಕಾರು ನಿಂತುಹೋಯಿತು. ಒಂದು ಗಂಟೆ ಮರದ ನೆರಳಿನಲ್ಲಿ ನಿಲ್ಲಿಸಿದ ಮೇಲೆ ಮತ್ತೆ ಹೊರಟಿತು. ಇನ್ನೊಂದು ಪಂಪ್ ತರಿಸಿ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ನಂಬಬಹುದಾದ ಪಂಪ್ ಎಲ್ಲಿ ಸಿಗುತ್ತದೆ?
— ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ದಯವಿಟ್ಟು ಇನ್ನೊಂದು ಪಂಪ್ ಕೊಳ್ಳಲು ಅವಸರ ಮಾಡಬೇಡಿ. ನೆರಳಿನಲ್ಲಿ ತಣ್ಣಗಾದ ಮೇಲೆ ಕಾರು ತಾನಾಗಿ ಹೊರಟಿತೆಂದರೆ ಪಂಪ್ ಕೆಟ್ಟಿರಲಿಲ್ಲ, ಅದರೊಳಗಿನ ಪೆಟ್ರೋಲ್ ಕುದಿದು ಆವಿಯಾಗಿತ್ತು ಎಂದು ಭಾವಿಸಲು ಬಲವಾದ ಕಾರಣವಿದೆ. ನಿಮ್ಮ ಕಾರಿನ ಪಂಪ್ ಎಂಜಿನ್ನಿನ ಬ್ಲಾಕಿಗೇ ಬೋಲ್ಟ್ ಆಗಿರುವಂಥದ್ದು. ನಮ್ಮ ಬಯಲು ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ, ಅದರಲ್ಲೂ ಲಾರಿಗಳ ಹಿಂದೆ ನಿಧಾನವಾಗಿ ಸಾಗುವಾಗ, ಎಂಜಿನ್ನಿನ ಶಾಖವೆಲ್ಲ ಅದಕ್ಕೆ ಇಳಿಯುತ್ತದೆ. ದ್ರವವನ್ನು ಎಳೆಯಲು ಮಾಡಿದ ಪಂಪ್ ಆವಿಯನ್ನು ಎಳೆಯಲಾರದು. ಮುಂದಿನ ಬಾರಿ ಹೀಗಾದರೆ ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ ಹತ್ತು ನಿಮಿಷ ಕಾಯಿರಿ. ಕಾರು ಹೊರಟರೆ ಸಂಶಯ ತೀರಿತು. ಆಗ ನೋಡಬೇಕಾದದ್ದು ಪಂಪಿಗೂ ಬ್ಲಾಕಿಗೂ ನಡುವೆ ಇರಬೇಕಾದ, ಶಾಖವನ್ನು ತಡೆಯುವ ದಪ್ಪನೆಯ ಬೇಕಲೈಟ್ ತುಂಡನ್ನು. ಪಂಪ್ ಬದಲಾಯಿಸುವಾಗ ಅದನ್ನು ಎಸೆದು ಬರಿಯ ಕಾಗದದ ಪ್ಯಾಕಿಂಗ್ ಹಾಕಿರುವುದನ್ನು ನಾನು ಹಲವು ಕಾರುಗಳಲ್ಲಿ ಕಂಡಿದ್ದೇನೆ. ಆ ತುಂಡಿನ ದಪ್ಪವೂ ಮುಖ್ಯ. ಅದು ತೆಳುವಾದರೆ ಎಂಜಿನ್ನಿನೊಳಗೆ ತಿರುಗುವ ಉಬ್ಬುಗಳುಳ್ಳ ದಂಡವಾದ ಕ್ಯಾಮ್‌ಶಾಫ್ಟ್ ಪಂಪಿನ ಲಿವರನ್ನು ಮಿತಿಮೀರಿ ಒತ್ತುತ್ತದೆ, ದಪ್ಪವಾದರೆ ಲಿವರ್ ಪೂರ್ತಿ ಚಲಿಸದೆ ಪೆಟ್ರೋಲ್ ಸಾಲದಾಗುತ್ತದೆ.

ಇನ್ನು ಸೋರಿದ ಮೊದಲ ಪಂಪಿನ ವಿಚಾರ. ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಒಂದು ಕಂಪನಿಯ ಹೆಸರಿನಿಂದ ಎ.ಸಿ. ಪಂಪ್ ಎಂದು ಕರೆಯುವ ಈ ಬಗೆಯ ಪಂಪಿನ ಜೀವವಿರುವುದು ಡಯಾಫ್ರಾಮ್ ಎಂಬ ಒಂದು ಪದರದಲ್ಲಿ. ಕ್ಯಾಮ್‌ಶಾಫ್ಟ್ ಲಿವರನ್ನು ಒತ್ತಿದಾಗ ಡಯಾಫ್ರಾಮ್ ಕೆಳಗಿಳಿದು ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಅದರ ಕೆಳಗಿನ ಸ್ಪ್ರಿಂಗ್ ಅದನ್ನು ಮೇಲೆ ತಳ್ಳಿದಾಗ ಪೆಟ್ರೋಲ್, ಅದನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿಗೆ ಹೋಗುತ್ತದೆ. ಬಟ್ಟೆಗೆ ರಬ್ಬರ್ ಲೇಪಿಸಿ ಮಾಡಿದ ಹಳೆಯ ಕಾಲದ ಡಯಾಫ್ರಾಮ್‌ಗಳು ಅಂದಿನ ಪೆಟ್ರೋಲಿಗೆ ಹೊಂದಿಕೊಂಡವು. ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಇದೆ: ನಮ್ಮ ದೇಶ 2022ರಲ್ಲಿ ಶೇಕಡಾ 10ರ ಮಿಶ್ರಣವನ್ನು ಮುಟ್ಟಿತು, ಶೇಕಡಾ 20ರ ಮಿಶ್ರಣದ ಮಾರಾಟ 2023ರ ಫೆಬ್ರುವರಿಯಲ್ಲಿ ಶುರುವಾಗಿ ಈಗ ಎಲ್ಲೆಡೆ ಹರಡಿದೆ. ಎಥನಾಲ್ ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನು ಹೀರಿಕೊಂಡು ಟ್ಯಾಂಕಿನಲ್ಲಿ ತುಕ್ಕನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಈಗ ನೀವು ಕೇಳಿ ಕೊಳ್ಳಬೇಕಾದದ್ದು ಪಂಪಿನ ಹೆಸರನ್ನಲ್ಲ, ಡಯಾಫ್ರಾಮ್ ಯಾವುದರಿಂದ ಮಾಡಿದ್ದು ಎಂಬುದನ್ನು. ಎಥನಾಲನ್ನು ತಾಳಿಕೊಳ್ಳುವುದು ಮಾರುಕಟ್ಟೆಯಲ್ಲಿ ವೈಟಾನ್ ಎಂದು ಕರೆಯುವ ಫ್ಲೋರೋ ರಬ್ಬರ್.

ಈ ಕಾರಣದಿಂದಲೇ, ಬಿಚ್ಚದ ಡಬ್ಬಿಯಲ್ಲಿರುವ ಹಳೆಯ ಸ್ಟಾಕಿನ ಪಂಪ್ ಸಿಕ್ಕಿತೆಂದು ಸಂತೋಷಪಟ್ಟು ಹೆಚ್ಚು ಹಣ ಕೊಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮೂವತ್ತು ನಲವತ್ತು ವರ್ಷ ಡಬ್ಬಿಯಲ್ಲಿದ್ದರೂ ರಬ್ಬರ್ ಒಣಗದೆ ಇರುವುದಿಲ್ಲ. ಅಂಥ ಪಂಪಿನ ಬಾಡಿ, ಲಿವರ್ ಮತ್ತು ಸ್ಪ್ರಿಂಗ್ ಚಿನ್ನದಂಥವು; ಡಯಾಫ್ರಾಮನ್ನು ಮಾತ್ರ ಹಾಕುವ ಮುನ್ನವೇ ಬದಲಾಯಿಸಬೇಕು. ಹೊಸದಾಗಿ ಮಾಡಿದ ಡೂಪ್ಲಿಕೇಟ್ ಪಂಪ್‌ಗಳ ಕಷ್ಟ ಬೇರೆ ಬಗೆಯದು. ನಾನು ನೋಡಿದವುಗಳಲ್ಲಿ ಲಿವರಿನ ಬಾಗು ಮೂಲದ್ದಕ್ಕೆ ಹೊಂದದಿರುವುದು, ಸ್ಪ್ರಿಂಗ್ ಅತಿ ಬಿಗಿಯಾಗಿದ್ದು ಕಾರ್ಬ್ಯುರೇಟರ್ ತುಂಬಿ ಚೆಲ್ಲುವುದು, ಬ್ಲಾಕಿಗೆ ಕೂರುವ ಮುಖ ಸಮತಟ್ಟಾಗಿಲ್ಲದೆ ಎಣ್ಣೆ ಒಸರುವುದು ಸಾಮಾನ್ಯ. ಕೊಳ್ಳುವುದೇ ಆದರೆ ಹಳೆಯ ಪಂಪನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಲಿವರಿನ ಉದ್ದ ಮತ್ತು ಬಾಗನ್ನು ಅಳೆಯಿರಿ. ಒಳಬರುವ ತೂತನ್ನು ಬೆರಳಿನಿಂದ ಮುಚ್ಚಿ ಲಿವರನ್ನು ನಾಲ್ಕಾರು ಬಾರಿ ಒತ್ತಿ ಬಿಡಿ. ಬೆರಳನ್ನು ಹಿಡಿದೆಳೆಯುವ ಬಲ ಕೆಲವು ಸೆಕೆಂಡುಗಳಾದರೂ ನಿಲ್ಲಬೇಕು. ಎರಡು ಭಾಗಗಳನ್ನು ತಿರುಪುಗಳಿಂದ ಸೇರಿಸಿದ ಪಂಪನ್ನೇ ಆರಿಸಿ, ಅಂಚು ಮಡಚಿ ಮುಚ್ಚಿದ್ದನ್ನು ಬೇಡವೆನ್ನಿ. ಅದನ್ನು ಬಿಚ್ಚಿ ರಿಪೇರಿ ಮಾಡಲಾಗದು.

ನನ್ನ ಸಲಹೆಯೆಂದರೆ, ನೀವು ಮೊದಲು ತೆಗೆಸಿದ ಕಾರಿನ ಮೂಲ ಪಂಪ್ ಗ್ಯಾರೇಜಿನ ಮೂಲೆಯಲ್ಲಿ ಇನ್ನೂ ಬಿದ್ದಿದ್ದರೆ ಅದನ್ನೇ ತಂದು ಹೊಸ ಕಿಟ್ (ಡಯಾಫ್ರಾಮ್ ಮುಂತಾದ ಸವೆಯುವ ಭಾಗಗಳ ರಿಪೇರಿ ಕಟ್ಟು) ಹಾಕಿಸಿ. ಲಿವರಿನ ಪಿನ್ ಸವೆದು ಅಲ್ಲಾಡುತ್ತಿದ್ದರೆ ಹರಿಹರಕ್ಕೆ ಒಯ್ಯಿರಿ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಊರು ಅದು, ಒಂದು ಪಿನ್ನನ್ನು ಸರಿಯಾದ ಅಳತೆಗೆ ಕಡೆದು ಗಟ್ಟಿ ಮಾಡಿಕೊಡುವ ಟರ್ನರ್ ಅಲ್ಲಿ ಸಿಗದಿರಲಾರರು. ಕಿಟ್ ಕೊಳ್ಳುವಾಗ ಎರಡು ಕೊಳ್ಳಿ. ಒಂದರ ಡಯಾಫ್ರಾಮಿನ ಅಂಚನ್ನು ಕತ್ತರಿಸಿ, ಬಂಕಿನ ಪೆಟ್ರೋಲ್ ತುಂಬಿದ ಗಾಜಿನ ಸೀಸೆಯಲ್ಲಿ ಒಂದು ವಾರ ಮುಳುಗಿಸಿಡಿ. ತುಂಡು ಉಬ್ಬಿದರೆ, ಜಿಗುಟಾದರೆ ಅಥವಾ ಪದರ ಬಿಟ್ಟರೆ, ಡಬ್ಬಿಯ ಮೇಲೆ ಏನೇ ಬರೆದಿರಲಿ, ಅದು ನಿಮ್ಮ ಕಾರಿಗೆ ಬೇಡ.

ಜೋಡಿಸುವಾಗ ಬಹಳ ಮಂದಿ ತಪ್ಪುವ ಜಾಗ ಒಂದಿದೆ. ಬಿಚ್ಚುವ ಮುನ್ನ ಮೇಲಿನ ಮತ್ತು ಕೆಳಗಿನ ಭಾಗಗಳ ಮೇಲೆ ಒಂದೇ ನೇರಕ್ಕೆ ಅರದಿಂದ ಗೆರೆ ಹಾಕಿಕೊಳ್ಳಬೇಕು. ಮತ್ತೆ ಸೇರಿಸುವಾಗ ತಿರುಪುಗಳನ್ನು ಸಡಿಲವಾಗಿ ಕೂರಿಸಿ, ಲಿವರನ್ನು ಕೊನೆಯವರೆಗೂ ಒತ್ತಿ ಹಿಡಿದು, ಆ ಸ್ಥಿತಿಯಲ್ಲೇ ಎದುರುಬದುರು ತಿರುಪುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಹಾಗೆ ಮಾಡದೆ ಡಯಾಫ್ರಾಮನ್ನು ಮಟ್ಟಸವಾಗಿಟ್ಟು ಬಿಗಿದರೆ, ಎಂಜಿನ್ ನಡೆದಾಗ ಪ್ರತಿ ಎಳೆತಕ್ಕೂ ಅದರ ಅಂಚು ಹಿಗ್ಗಿ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಎಂಟು ತಿಂಗಳಿಗೆ ಸೋರಿದ ನಿಮ್ಮ ಪಂಪಿನ ಡಯಾಫ್ರಾಮನ್ನು ಬಿಚ್ಚಿ ನೋಡಿ: ಅಂಚಿನ ಸುತ್ತ ಹರಿದಿದ್ದರೆ ಜೋಡಣೆಯ ತಪ್ಪು, ಮೈಯೆಲ್ಲ ಉಬ್ಬಿ ಮೆತ್ತಗಾಗಿದ್ದರೆ ರಬ್ಬರಿನ ತಪ್ಪು.

ಸಿಗುವ ಸ್ಥಳ ಕೇಳಿದ್ದೀರಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳು ಮತ್ತು ಶಿವಾಜಿನಗರದ ಗುಜರಿ ಹತ್ತಿರದ ದಾರಿ. ಪದ್ಮಿನಿ ತಯಾರಾದದ್ದು ಮುಂಬಯಿಯ ಕುರ್ಲಾದಲ್ಲಿ, ಅದರ ಬಿಡಿಭಾಗಗಳಿಗೆ ನಿತ್ಯದ ಗಿರಾಕಿಗಳಾಗಿದ್ದವರು ಆ ಊರಿನ ಟ್ಯಾಕ್ಸಿ ಚಾಲಕರು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಸರಿದ ಮೇಲೆ ಆ ಬೇಡಿಕೆ ನಿಂತಿದೆ. ಆದಕಾರಣ ಒಳ್ಳೆಯ ಕಿಟ್ ಕಣ್ಣಿಗೆ ಬಿದ್ದಾಗ ಒಂದೆರಡು ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಬಳಿ 1967ರ ಅಂಬಾಸಡರ್ ಇದೆ. ಎ.ಸಿ. ಪಂಪಿನ ತೊಂದರೆಯೇ ಬೇಡವೆಂದು ಎಲೆಕ್ಟ್ರಿಕ್ ಪಂಪ್ ಹಾಕಿಸುವ ಯೋಚನೆಯಲ್ಲಿದ್ದೇನೆ. ಗುಜರಿಯಲ್ಲಿ ಹೊಸ ಮಾದರಿಯ ಕಾರಿನ ಟ್ಯಾಂಕಿನೊಳಗಿನ ಪಂಪ್ ಅಗ್ಗಕ್ಕೆ ಸಿಗುತ್ತಿದೆ. ಹಾಕಬಹುದೇ?
— ಓದುಗರು, ಚಿತ್ರದುರ್ಗ

ಉತ್ತರ: ಗುಜರಿಯ ಆ ಪಂಪನ್ನು ಖಂಡಿತ ಹಾಕಬೇಡಿ. ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಹೊಸ ಇಂಜೆಕ್ಷನ್ ಕಾರುಗಳ ಪಂಪ್ ಚದರ ಇಂಚಿಗೆ 40 ಪೌಂಡ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡ ಕೊಡುತ್ತದೆ. ನಿಮ್ಮ ಕಾರ್ಬ್ಯುರೇಟರಿಗೆ ಬೇಕಾದದ್ದು 2ರಿಂದ 4 ಪೌಂಡ್ ಮಾತ್ರ. ಆ ಒತ್ತಡಕ್ಕೆ ಕಾರ್ಬ್ಯುರೇಟರಿನ ಸೂಜಿ ಕವಾಟ ಮುಚ್ಚಿ ನಿಲ್ಲಲಾರದು, ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ನಿನ ಮೇಲೆ ಹರಿಯುತ್ತದೆ. ಬೆಂಕಿಗೆ ಅಷ್ಟು ಸಾಕು.

ಕಾರ್ಬ್ಯುರೇಟರಿಗೆಂದೇ ಮಾಡಿದ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪ್ ಒಳ್ಳೆಯದೇ. ಆದರೆ ಅದು ಎಳೆಯುವುದಕ್ಕಿಂತ ತಳ್ಳುವುದರಲ್ಲಿ ಸಮರ್ಥ, ಹಾಗಾಗಿ ಎಂಜಿನ್ನಿನ ಬಳಿ ಅಲ್ಲ, ಹಿಂದೆ ಟ್ಯಾಂಕಿನ ಸಮೀಪ, ಸಾಧ್ಯವಾದಷ್ಟು ಕೆಳಗೆ ಕೂರಿಸಿ, ಅದಕ್ಕೂ ಮುಂಚೆ ಒಂದು ಫಿಲ್ಟರ್ ಹಾಕಿಸಿ. ಅಪಘಾತದಲ್ಲಿ ಎಂಜಿನ್ ನಿಂತರೂ ಎಲೆಕ್ಟ್ರಿಕ್ ಪಂಪ್ ಪೆಟ್ರೋಲನ್ನು ಸುರಿಸುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು. ಆಯಿಲ್ ಪ್ರೆಶರ್ ಇಳಿದೊಡನೆ ಪಂಪ್ ನಿಲ್ಲುವಂತೆ ಸ್ವಿಚ್ಚು ಮತ್ತು ರಿಲೇ, ಜೊತೆಗೆ ಪ್ರತ್ಯೇಕ ಫ್ಯೂಸ್ ಇಲ್ಲದೆ ಅದನ್ನು ನಡೆಸಬೇಡಿ. ಹಳೆಯ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿ ಅರ್ಥ್ ಮಾಡಿರುವುದುಂಟು. ನಿಮ್ಮದೂ ಹಾಗಿದ್ದರೆ ಪಂಪ್ ಅದಕ್ಕೆ ಹೊಂದುತ್ತದೆಯೇ ಎಂದು ಕೊಳ್ಳುವಾಗಲೇ ವಿಚಾರಿಸಿ.

ಇಷ್ಟಾದರೂ ನನ್ನ ಮನಸ್ಸು ಹಳೆಯ ಪಂಪಿನ ಕಡೆಗೇ ವಾಲುತ್ತದೆ. ನಿಮ್ಮ ಕಾರಿಗೆ 50 ವರ್ಷ ದಾಟಿದೆ. 2021ರ ನಿಯಮದಂತೆ ವಿಂಟೇಜ್ ವಾಹನವೆಂದು ನೋಂದಾಯಿಸಲು ಅರ್ಜಿ ಹಾಕುವುದಾದರೆ ಕಾರು ಮೂಲ ರೂಪದಲ್ಲಿರಬೇಕು. ಅಂಬಾಸಡರ್ ಪಂಪಿನ ಕಿಟ್ ಬೆಂಗಳೂರಿನಲ್ಲಿ ದೊರೆಯದಿದ್ದರೆ ಕೋಲ್ಕತ್ತದ ಮಲ್ಲಿಕ್ ಬಜಾರಿನಿಂದ ತರಿಸಬಹುದು.

ಪ್ರಶ್ನೆ: ಡಿಪ್‌ಸ್ಟಿಕ್‌ನಲ್ಲಿ ಎಂಜಿನ್ ಆಯಿಲಿನ ಮಟ್ಟ ತಾನಾಗಿ ಏರುತ್ತಿದೆ, ಪೆಟ್ರೋಲ್ ವಾಸನೆಯೂ ಇದೆ. ಕಾರು ಚೆನ್ನಾಗಿಯೇ ಓಡುತ್ತಿದೆ. ಹೀಗೇ ಓಡಿಸಬಹುದೇ?
— ಓದುಗರು, ಹಿರಿಯೂರು

ಉತ್ತರ: ಓಡಿಸಬೇಡಿ, ಈ ಕ್ಷಣದಿಂದಲೇ ನಿಲ್ಲಿಸಿ. ಎ.ಸಿ. ಪಂಪ್ ಇರುವ ಕಾರಾದರೆ ಅದರ ಡಯಾಫ್ರಾಮ್ ತೂತಾಗಿ ಪೆಟ್ರೋಲ್ ಎಂಜಿನ್ನಿನೊಳಗೆ ಇಳಿಯುತ್ತಿರುವ ಸಂಭವವೇ ಹೆಚ್ಚು. ತೆಳ್ಳಗಾದ ಆಯಿಲ್ ಬೇರಿಂಗುಗಳನ್ನು ಕಾಪಾಡಲಾರದು, ಒಳಗೆ ತುಂಬಿದ ಆವಿಗೆ ಕಿಡಿ ತಗುಲುವ ಅಪಾಯವೂ ಇದೆ. ಪಂಪನ್ನು ಸರಿಪಡಿಸಿದ ಮೇಲೆ ಆಯಿಲ್ ಮತ್ತು ಅದರ ಫಿಲ್ಟರ್ ಎರಡನ್ನೂ ಬದಲಾಯಿಸಿ, ಆಮೇಲೆಯೇ ಎಂಜಿನ್ ಚಾಲೂ ಮಾಡಿ. ಒಂದು ವಾರ ಪ್ರತಿದಿನ ಬೆಳಗ್ಗೆ ಡಿಪ್‌ಸ್ಟಿಕ್ ಎಳೆದು ಮಟ್ಟವನ್ನೂ ವಾಸನೆಯನ್ನೂ ಪರೀಕ್ಷಿಸುತ್ತಿರಿ.