ನೀರು ಹಾಕದೆಯೇ ನೀರಾದ ಉಪ್ಪು

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದೇನೆ. ಮಾಮೂಲಿ ತಾಪಮಾನದಲ್ಲೇ ದ್ರವವಾಗಿರುವ ಉಪ್ಪುಗಳಿವೆ, ಅವನ್ನು ಸಿಲಿಕಾದೊಳಗೆ ಸೇರಿಸಿ ಹೈಬ್ರಿಡ್ ವಸ್ತು ಮಾಡುತ್ತಾರೆ ಅಂತ ನಮ್ಮ ಮೇಷ್ಟ್ರು ಹೇಳಿದರು. ಅದು ಉಪ್ಪುನೀರೇ ಅಲ್ವಾ? ಸಿಲಿಕಾ ಯಾಕೆ ಬೇಕು? ನಮ್ಮ ಲ್ಯಾಬಿನಲ್ಲಿ ಮಾಡಿ ನೋಡಬಹುದಾ?

ಉತ್ತರ: ಉಪ್ಪುನೀರಲ್ಲ. ಉಪ್ಪುನೀರಿನಲ್ಲಿ ಜಾಸ್ತಿ ಇರುವುದು ನೀರು. ಇಲ್ಲಿ ಇರುವುದೆಲ್ಲ ಬರೀ ಅಯಾನುಗಳೇ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳೇ. ಅಡುಗೆ ಉಪ್ಪು ಕರಗಿ ದ್ರವವಾಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು. 1914ರಲ್ಲಿ ರಸಾಯನವಿಜ್ಞಾನಿ ಪಾಲ್ ವಾಲ್ಡನ್ ವಿವರಿಸಿದ ಈಥೈಲ್ ಅಮೋನಿಯಂ ನೈಟ್ರೇಟ್‌ಗೆ ಸುಮಾರು 12 ಡಿಗ್ರಿ ಸಾಕು. ಈಗ 100 ಡಿಗ್ರಿಗಿಂತ ಕೆಳಗೆ ಕರಗುವ ಉಪ್ಪಿಗೆಲ್ಲ ಅಯಾನಿಕ ದ್ರವ ಅನ್ನುತ್ತಾರೆ.

ಇಷ್ಟು ವ್ಯತ್ಯಾಸ ಹೇಗೆ? ಸಂತೆಯಲ್ಲಿ ಕಿತ್ತಳೆ ಹಣ್ಣನ್ನು ಗೋಪುರದ ಹಾಗೆ ಪೇರಿಸಿರುತ್ತಾರಲ್ಲ, ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಹಾಗೆ. ದುಂಡಗಿವೆ, ಚಿಕ್ಕವು, ಒತ್ತಾಗಿ ಕೂರುತ್ತವೆ. ಹಸಿಶುಂಠಿಯನ್ನು ಹಾಗೆ ಪೇರಿಸಿ ನೋಡೋಣ! ಅಯಾನಿಕ ದ್ರವಗಳಲ್ಲಿ ಹೆಚ್ಚಾಗಿ ಕಾಣುವ ಇಮಿಡಜೋಲಿಯಂ ಅಯಾನು ಶುಂಠಿಯ ಜಾತಿ: ಒಂದು ಉಂಗುರ, ಅದಕ್ಕೊಂದು ಇಂಗಾಲದ ಬಾಲ. ಆವೇಶವೂ ಉಂಗುರದ ತುಂಬ ಹರಡಿರುವುದರಿಂದ ಹಿಡಿತ ಸಡಿಲ. ಹರಳು ಕಟ್ಟಲು ಮನಸ್ಸೇ ಬರುವುದಿಲ್ಲ.

ಈಗ ಸಿಲಿಕಾ, ಅಂದರೆ ಮರಳು, ಗಾಜುಗಳಲ್ಲಿರುವ ವಸ್ತು. ಸೋಲ್-ಜೆಲ್ ವಿಧಾನದಲ್ಲಿ ಸಿಲಿಕಾನ್ ಆಲ್ಕಾಕ್ಸೈಡ್ ಎಂಬ ದ್ರವದಿಂದ ಸಿಲಿಕಾ ಜಾಲ ಕಟ್ಟುತ್ತೇವೆ. ಜೆಲ್ ಆಗುವ ತನಕ ಎಲ್ಲ ಚೆನ್ನ. ಆಮೇಲೆ ಜಾಲದೊಳಗಿನ ನೀರು, ಆಲ್ಕೊಹಾಲ್ ಆರುತ್ತಾ ಹೋದಂತೆ ಜೆಲ್ ಕುಗ್ಗುತ್ತದೆ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ. ಪುಡಿಪುಡಿಯಾದ ಜೆಲ್ ನೋಡಿ ತಲೆ ಚಚ್ಚಿಕೊಳ್ಳದವರು ಈ ಕೆಲಸದಲ್ಲಿ ಕಡಿಮೆ. ಅಯಾನಿಕ ದ್ರವ ಬೆರೆಸಿದರೆ ಆಲ್ಕೊಹಾಲ್ ಆರಿದರೂ ಇದು ಆರುವುದಿಲ್ಲ. ಜಾಲಕ್ಕೆ ಒಳಗಿನಿಂದ ಆಸರೆ ಕೊಟ್ಟು ನಿಲ್ಲುತ್ತದೆ. ಸಿಗುವುದು ಅಯಾನೋಜೆಲ್. ರಸಗುಲ್ಲದ ಹಾಗೆ ಒಳಗೆಲ್ಲ ದ್ರವ, ಆದರೆ ಬಗ್ಗಿಸಿದರೂ ಸೋರದು. ಮುಟ್ಟಿದರೆ ಗಟ್ಟಿ, ಒಳಗೆ ಅಯಾನುಗಳು ಓಡಾಡಿಕೊಂಡೇ ಇರುವುದರಿಂದ ವಿದ್ಯುತ್ ಹರಿಯುತ್ತದೆ. ಬ್ಯಾಟರಿಯವರ ಕಣ್ಣು ಇದರ ಮೇಲಿರುವುದು ಅದಕ್ಕೇ.

ಅಯಾನಿಕ ದ್ರವ ಆವಿಯಾಗದು ಅಂದ ಮಾತ್ರಕ್ಕೆ "ಹಸಿರು" ಅಂತ ಹೊಗಳುವುದು ನನಗೆ ಹಿಡಿಸದು. ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಫ್ಲೋರಿನ್ ತುಂಬಿದ ಅಯಾನು ಇರುವ ದ್ರವಕ್ಕೆ ನೀರು, ಬಿಸಿ ಎರಡೂ ತಾಗಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟಬಹುದು. ಅದು ಗಾಜನ್ನೇ ತಿನ್ನುತ್ತದೆ.

ನಿಮ್ಮ ಲ್ಯಾಬಿಗೆ ಇದರ ಸೋದರಸಂಬಂಧಿ ಸಾಕು. 14 ಗ್ರಾಂ ಕೋಲೀನ್ ಕ್ಲೋರೈಡ್, 12 ಗ್ರಾಂ ಯೂರಿಯಾ, ಎರಡೂ ಬಿಳಿ ಪುಡಿ. ಸುಮಾರು 80 ಡಿಗ್ರಿಯಲ್ಲಿ ಕಲಕುತ್ತಾ ಹೋಗಿ. ಮೊದಲು ಅಂಚಿನಲ್ಲಿ ಒದ್ದೆಯಾಗುತ್ತದೆ, ಆಮೇಲೆ ಪೂರ್ತಿ ತಿಳಿ. ತಣ್ಣಗಾದರೂ ದ್ರವವಾಗಿಯೇ ಉಳಿಯುತ್ತದೆ. ಯೂರಿಯಾ ಅಯಾನಲ್ಲ, ಹಾಗಾಗಿ ಇದನ್ನು ಅಯಾನಿಕ ದ್ರವ ಅನ್ನುವಂತಿಲ್ಲ. ಡೀಪ್ ಯೂಟೆಕ್ಟಿಕ್ ಅನ್ನುತ್ತಾರೆ, ಅಂದರೆ ಬಿಡಿಬಿಡಿ ಪುಡಿಗಳಿಗಿಂತ ತುಂಬ ಕಡಿಮೆ ಬಿಸಿಗೇ ಕರಗುವ ಮಿಶ್ರಣ. ಕೋಲೀನ್ ಕ್ಲೋರೈಡ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬಾಟಲಿ ತೆರೆದಿಟ್ಟು ಹರಟೆಗೆ ನಿಂತರೆ ಬಿಸಿ ಮಾಡುವ ಮೊದಲೇ ಅಂಟು ಮುದ್ದೆಯಾಗಿರುತ್ತದೆ.