ಹಳೇ ಜೀಪಿನ ಸ್ಟೀರಿಂಗ್ ಶಾಫ್ಟ್: ಕತ್ತರಿಸೋ ಮೊದಲು ಇಷ್ಟು ನೋಡಿ

ಪ್ರಶ್ನೆ: ನಮ್ಮ ತಂದೆ ಓಡಿಸುತ್ತಿದ್ದ ಮಹೀಂದ್ರ ಸಿಜೆ 3ಬಿ ಜೀಪು ಈಗ ನನ್ನ ಹತ್ತಿರ ಇದೆ. ಸಕಲೇಶಪುರದ ಕಡೆ ತೋಟದ ಕೆಲಸಕ್ಕೆ ಬಳಸುತ್ತೇನೆ, ಆಗಾಗ ಪೇಟೆಗೂ ಹೋಗುತ್ತೇನೆ. ಸ್ಟೀರಿಂಗ್‌ನಲ್ಲಿ ತುಂಬಾ ಪ್ಲೇ ಇದೆ. ಸುಮಾರು ಕಾಲು ಸುತ್ತು ತಿರುಗಿಸಿದ ಮೇಲೆ ಚಕ್ರ ಅಲ್ಲಾಡುತ್ತದೆ. ಶಾಫ್ಟ್ ಕತ್ತರಿಸಿ, ನಡುವೆ ಕ್ರಾಸ್ ಜಾಯಿಂಟ್ (ಓರೆಯಾಗಿದ್ದರೂ ತಿರುವು ದಾಟಿಸುವ ಕೀಲು) ವೆಲ್ಡ್ ಮಾಡಿ, ಬೇರೆ ಗಾಡಿಯ ಪವರ್ ಸ್ಟೀರಿಂಗ್ ಬಾಕ್ಸ್ ಕೂರಿಸೋಣ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಶಾಫ್ಟನ್ನು ನಾನೇ ಬಿಚ್ಚಬಹುದಾ? ವೆಲ್ಡಿಂಗ್ ನಂಬಬಹುದಾ?

ಉತ್ತರ: ಬಿಚ್ಚಬಹುದು. ವೆಲ್ಡಿಂಗ್ ಮಾತ್ರ ಬೇಡ. ಆದರೆ ಎರಡಕ್ಕಿಂತ ಮೊದಲು ಒಂದು ಕೆಲಸ ಇದೆ. ಆ ಪ್ಲೇ ಎಲ್ಲಿಂದ ಬರ್ತಿದೆ ಅಂತ ಹುಡುಕಿ.

ನಿಮ್ಮ ಜೀಪಿನಲ್ಲಿ ಕೈಯ ತಿರುವು ಚಕ್ರ ಮುಟ್ಟುವ ದಾರಿ ಉದ್ದ. ಶಾಫ್ಟ್, ಬಾಕ್ಸ್, ಬಾಕ್ಸಿನಿಂದ ಹೊರಬರುವ ಪಿಟ್‌ಮನ್ ಆರ್ಮ್, ಅದು ಎಳೆಯುವ ಡ್ರ್ಯಾಗ್ ಲಿಂಕ್ ಎಂಬ ಕಂಬಿ, ಆ ಎಳೆತವನ್ನು ಅಡ್ಡಕ್ಕೆ ತಿರುಗಿಸುವ ಬೆಲ್ ಕ್ರ್ಯಾಂಕ್, ಅಲ್ಲಿಂದ ಚಕ್ರಗಳಿಗೆ ಹೋಗುವ ಟೈ ರಾಡ್‌ಗಳು, ಕೊನೆಗೆ ಚಕ್ರ ತಿರುಗುವ ಕಿಂಗ್ ಪಿನ್. ಒಂದೊಂದು ಕಡೆ ಚೂರು ಚೂರು ಸವೆದರೂ ಸ್ಟೀರಿಂಗ್ ವೀಲ್ ಹತ್ತಿರ ಎಲ್ಲ ಸೇರಿ ಕಾಲು ಸುತ್ತಾಗುತ್ತದೆ. ಜೀಪನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಮನೆಯವರೊಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಲಿ. ನೀವು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಬೆರಳಿಡಿ. ಒಂದು ತುದಿ ಅಲ್ಲಾಡಿ ಇನ್ನೊಂದು ತುದಿ ಸುಮ್ನೆ ಇದ್ದರೆ ಕಳ್ಳ ಅಲ್ಲೇ ಇದ್ದಾನೆ. ಈ ಜೀಪುಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಬೆಲ್ ಕ್ರ್ಯಾಂಕ್ ಮೇಲೆ. ಅದರ ಪಿನ್ನು ಮತ್ತು ಬೇರಿಂಗ್ ಸವೆದಿದ್ದರೆ ಎಷ್ಟೇ ಒಳ್ಳೆಯ ಪವರ್ ಸ್ಟೀರಿಂಗ್ ಹಾಕಿದರೂ ಗಾಡಿ ರಸ್ತೆಯಲ್ಲಿ ತೂರಾಡುತ್ತದೆ.

ಬಾಕ್ಸಿನಲ್ಲೇ ಪ್ಲೇ ಇದೆ ಅಂತ ಖಾತ್ರಿಯಾದರೂ ಕೂಡಲೇ ಎಸೆಯಬೇಡಿ. ಇದು ರಾಸ್ ಮಾದರಿಯ ಬಾಕ್ಸು. ಒಳಗೆ ಸುರುಳಿಯಾಗಿ ತೋಡು ಕೊರೆದಿರುವ ಕ್ಯಾಮ್, ಆ ತೋಡಿನಲ್ಲಿ ಓಡುವ ಎರಡು ಪಿನ್ನಿನ ಲಿವರ್. ಸರಿಮಾಡುವ ಜಾಗವೂ ಎರಡೇ. ಮೊದಲು ಮೇಲಿನ ಕವರ್ ಅಡಿಯ ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದು ಕ್ಯಾಮ್ ಬೇರಿಂಗಿನ ಸಡಿಲ ಕಳೆಯಬೇಕು. ಆಮೇಲೆ ಪಕ್ಕದ ಸ್ಕ್ರೂ ಬಿಗಿಮಾಡಿ ಪಿನ್ನುಗಳನ್ನು ತೋಡಿಗೆ ಹತ್ತಿರ ತರಬೇಕು. ಈ ಎರಡನೆಯದನ್ನು ಡ್ರ್ಯಾಗ್ ಲಿಂಕ್ ಕಳಚಿ, ಸ್ಟೀರಿಂಗ್ ನೇರ ಇರುವಾಗಲೇ ಮಾಡಿ. ತೋಡಿನ ನಡುಭಾಗವನ್ನು ಬೇಕಂತಲೇ ಕಡಿಮೆ ಆಳಕ್ಕೆ ಕೊರೆದಿರುತ್ತಾರೆ. ಪಕ್ಕಕ್ಕೆ ತಿರುಗಿಸಿಟ್ಟು ಬಿಗಿಮಾಡಿದರೆ ನೇರಕ್ಕೆ ಬಂದಾಗ ಕಚ್ಚಿಕೊಳ್ಳುತ್ತದೆ. ಅದು ಪ್ಲೇಗಿಂತ ಅಪಾಯ. ಎಣ್ಣೆಯ ಬದಲು ಗ್ರೀಸ್ ತುಂಬಿದ್ದರೆ ಅದನ್ನೂ ತೆಗೆಯಿರಿ. ಗ್ರೀಸ್ ಪಕ್ಕಕ್ಕೆ ಸರಿದು ನಿಂತುಬಿಡುತ್ತದೆ, ಕ್ಯಾಮ್ ಒಣಗುತ್ತದೆ. ಗೇರ್ ಆಯಿಲ್ ಆದರೆ ಹರಿದು ವಾಪಸ್ ಬರುತ್ತದೆ.

ಈಗ ಬಿಚ್ಚುವ ವಿಷಯ. ಈ ಜೀಪಿನಲ್ಲಿ ಶಾಫ್ಟ್ ಅನ್ನೋದು ಬೇರೆ ತುಂಡಲ್ಲ. ಸ್ಟೀರಿಂಗ್ ವೀಲಿನಿಂದ ಬಾಕ್ಸಿನ ತನಕ ಒಂದೇ ಕೊಳವೆ, ಅದರ ಕೆಳತುದಿಯಲ್ಲೇ ಕ್ಯಾಮ್. ಹಾಗಾಗಿ ಶಾಫ್ಟ್ ತೆಗೆಯೋದು ಅಂದರೆ ಬಾಕ್ಸ್ ಸಮೇತ ಇಳಿಸೋದು. ಬ್ಯಾಟರಿಯ ಅರ್ತ್ ತೆಗೆಯಿರಿ, ಹಾರ್ನ್ ವೈರ್ ಬಿಡಿಸಿ. ಚಕ್ರ ನೇರ ಇಟ್ಟು ಸ್ಟೀರಿಂಗ್ ವೀಲಿಗೂ ಶಾಫ್ಟಿಗೂ, ಪಿಟ್‌ಮನ್ ಆರ್ಮಿಗೂ ಅದರ ಶಾಫ್ಟಿಗೂ ಸೆಂಟರ್ ಪಂಚಿನಿಂದ ಗುರುತು ಹೊಡೆಯಿರಿ. ವೀಲು, ಆರ್ಮ್ ಎರಡನ್ನೂ ಪುಲ್ಲರ್ ಹಾಕಿಯೇ ಎಳೆಯಿರಿ. ಶಾಫ್ಟಿನ ತಲೆಗೆ ಸುತ್ತಿಗೆಯಿಂದ ಬಡಿದರೆ ಆ ಪೆಟ್ಟು ನೇರವಾಗಿ ಕೆಳಗಿನ ಬೇರಿಂಗಿಗೆ ಹೋಗುತ್ತದೆ. ಡ್ಯಾಶಿನ ಬ್ರ್ಯಾಕೆಟ್, ನೆಲದ ತಗಡು, ಚಾಸಿಸ್ ಬೋಲ್ಟುಗಳನ್ನು ಬಿಡಿಸಿದ ಮೇಲೆ ಇಡೀ ಜೋಡಣೆ ಕೆಳಗಿನಿಂದ ಬರುತ್ತದೆ. ಮಡ್‌ಗಾರ್ಡ್ ಅಡ್ಡ ಬಂದರೆ ಸಡಿಲಿಸಿ. ಬಾಕ್ಸ್ ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಬೇರಿಂಗಿನ ಬಾಲುಗಳು ಉರುಳಿ ಹುಲ್ಲಿಗೆ ಬಿದ್ದರೆ ಸಿಗಲ್ಲ.

ಇನ್ನು ವೆಲ್ಡಿಂಗ್. ಒಮ್ಮೆ ಒಂದು ತೋಟದ ಜೀಪಿನಿಂದ ತೆಗೆದ ತುಂಡಾದ ಶಾಫ್ಟ್ ನನ್ನ ಕೈಗೆ ಬಂತು. ಮುರಿದ ಮುಖದ ಅರ್ಧ ಭಾಗ ಕಂದು ತುಕ್ಕು, ಇನ್ನರ್ಧ ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ವೆಲ್ಡ್ ಪಕ್ಕದಲ್ಲಿ ಎಷ್ಟೋ ದಿನದಿಂದ ಬಿರುಕು ಬಿಟ್ಟಿತ್ತು, ಉಳಿದರ್ಧ ಆವತ್ತು ಹೋಯಿತು. ಜೀಪು ಅಂಗಳದಲ್ಲೇ ಇತ್ತು, ಯಾರಿಗೂ ಏನೂ ಆಗಲಿಲ್ಲ. ಆ ತುಂಡನ್ನು ನಾನಿನ್ನೂ ಮರೆತಿಲ್ಲ. ವೆಲ್ಡ್ ಬಿದ್ದ ಜಾಗಕ್ಕಿಂತ ಅದರ ಪಕ್ಕದಲ್ಲಿ ಕಾಯ್ದು ಆರಿದ ಲೋಹವೇ ಹೆಚ್ಚಾಗಿ ಸೋಲುವುದು. ಅಲ್ಲಿ ಲೋಹ ಗಡಸಾಗಿ, ಬಾಗುವ ಗುಣ ಕಳೆದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗಲ್ಲ. ಜಾಯಿಂಟನ್ನೇ ವೆಲ್ಡ್ ಮಾಡಿದರೆ ಅದರೊಳಗಿನ ಸೂಜಿ ಬೇರಿಂಗಿನ ಗ್ರೀಸೂ ಸುಟ್ಟುಹೋಗುತ್ತದೆ.

ಎಲ್ಲ ನೋಡಿಯೂ ಪವರ್ ಸ್ಟೀರಿಂಗ್ ಬೇಕೇ ಬೇಕು ಅಂದರೆ ಹಳೇ ಕೊಳವೆ ಮುಟ್ಟಬೇಡಿ. ಬಾಕ್ಸಿನ ಹಲ್ಲಿಗೆ ಸರಿಹೊಂದುವ, ಬೋಲ್ಟಿನಿಂದ ಬಿಗಿಯುವ ಜಾಯಿಂಟುಗಳಿರುವ ಕಾಲಂ (ಸ್ಟೀರಿಂಗ್ ವೀಲ್ ಹೊತ್ತ ಮೇಲಿನ ಭಾಗ) ಮತ್ತು ಅದನ್ನು ಬಾಕ್ಸಿಗೆ ಸೇರಿಸುವ ನಡುಶಾಫ್ಟ್ ಹಾಕಿಸಿ. ಬಿಗಿಯುವ ಬೋಲ್ಟು ಶಾಫ್ಟಿನ ಮೇಲಿರುವ ತೋಡಿನ ಮೂಲಕವೇ ಹಾದುಹೋಗಬೇಕು. ಆಗ ಬೋಲ್ಟು ಸ್ವಲ್ಪ ಸಡಿಲವಾದರೂ ಜಾಯಿಂಟ್ ಕಳಚಿ ಬರಲ್ಲ.

ಹೆಚ್ಚಿನವರು ಎಡವೋದು ಜಾಯಿಂಟಿನ ಲೆಕ್ಕದಲ್ಲಿ. ಒಂದೇ ಜಾಯಿಂಟ್ ಓರೆಯಾಗಿ ಕೆಲಸ ಮಾಡಿದಾಗ ಎರಡೂ ಕಡೆ ಒಂದೇ ವೇಗದಲ್ಲಿ ತಿರುಗಲ್ಲ. 30 ಡಿಗ್ರಿ ಓರೆ ಇದ್ದರೆ ಕೆಳಗಿನ ಶಾಫ್ಟ್ ಒಂದು ಸುತ್ತಿನಲ್ಲಿ ಎರಡು ಸಲ ಶೇ. 15ರಷ್ಟು ಮುಂದೆ ಓಡುತ್ತದೆ, ಎರಡು ಸಲ ಶೇ. 13ರಷ್ಟು ಹಿಂದೆ ಬೀಳುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ಒಮ್ಮೆ ಭಾರ, ಒಮ್ಮೆ ಹಗುರ ಅನಿಸೋದು ಇದಕ್ಕೇ. ಎರಡು ಜಾಯಿಂಟ್ ಇಟ್ಟು, ಎರಡರ ಓರೆಯೂ ಸಮ ಇದ್ದು, ನಡುಶಾಫ್ಟಿನ ಎರಡು ತುದಿಯಲ್ಲಿ ಜಾಯಿಂಟ್ ಹಿಡಿಯುವ ಕವಲುಗಳು ಒಂದೇ ಸಾಲಿನಲ್ಲಿದ್ದರೆ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಕವಲುಗಳು 90 ಡಿಗ್ರಿ ಅಡ್ಡ ಕೂತರೆ ತಪ್ಪು ಇನ್ನೂ ಜಾಸ್ತಿಯಾಗುತ್ತದೆ. ಇದೊಂದನ್ನು ಬಿಗಿಮಾಡುವ ಮೊದಲು ನೀವೇ ಬಗ್ಗಿ ನೋಡಿ.

ಇನ್ನೆರಡು ಮಾತು. ಮೊದಲು ಕೊಳವೆಯ ಕೆಳತುದಿಗೆ ಬಾಕ್ಸೇ ಆಸರೆಯಾಗಿತ್ತು. ಈಗ ಆ ಆಸರೆ ಹೋಗುತ್ತದೆ, ಹಾಗಾಗಿ ಹೊಸ ಕಾಲಂ ಕೆಳಗೆ ಒಂದು ಬೇರಿಂಗ್ ಇರಲೇಬೇಕು. ಬಾಕ್ಸ್ ಕೂರೋದು ಚಾಸಿಸ್ ಮೇಲೆ, ಕಾಲಂ ಇರೋದು ಬಾಡಿಗೆ. ಗುಂಡಿ ರಸ್ತೆಯಲ್ಲಿ ಇವೆರಡೂ ಬೇರೆ ಬೇರೆಯಾಗಿ ಅಲುಗುತ್ತವೆ. ಅದಕ್ಕೆ ನಡುಶಾಫ್ಟ್ ಉದ್ದ ಹೆಚ್ಚು ಕಡಿಮೆ ಆಗುವಂತೆ ಒಂದರೊಳಗೊಂದು ಜಾರಬೇಕು.

ಸರಿಯಾಗಿ ಮಾಡಿಸಿದರೆ ಇದರಿಂದ ಲಾಭವೂ ಇದೆ. 1953ರ ವಿನ್ಯಾಸದ ಸಿಜೆ 3ಬಿಯಲ್ಲಿ ಆ ನೇರ ಕೊಳವೆ ಚಾಲಕನ ಎದೆಗೆ ಗುರಿಯಿಟ್ಟ ಭರ್ಜಿಯಂತೆ ಇರುತ್ತದೆ. ಅಮೆರಿಕದಲ್ಲಿ 1968ರಿಂದ ಕಾರುಗಳಿಗೆ ನಿಯಮವೇ ಬಂತು. ಗಂಟೆಗೆ 48 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದರೂ ಸ್ಟೀರಿಂಗ್ ಕಾಲಂ 127 ಮಿ.ಮೀ.ಗಿಂತ ಹೆಚ್ಚು ಹಿಂದಕ್ಕೆ ಬರಬಾರದು. ಮಡಚುವ, ಜಾರುವ ಶಾಫ್ಟು ಆ ಕೆಲಸ ಮಾಡುತ್ತದೆ. ವೆಲ್ಡ್ ಮಾಡಿ ಒಂದೇ ಕಂಬಿಯಾಗಿಸಿದರೆ ಮತ್ತೆ ಅದೇ ಭರ್ಜಿ, ಅಲ್ವಾ?

ಕೆಲಸಕ್ಕೆ ಕೈ ಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಜೀಪಿಗೆ 15 ವರ್ಷ ದಾಟಿರುವುದರಿಂದ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಹೋಗಲೇಬೇಕು.

ಪ್ರಶ್ನೆ: ಅದೇ ಜೀಪಿಗೆ ಚಿಕ್ಕ ಸ್ಟೀರಿಂಗ್ ವೀಲ್ ಹಾಕಬಹುದಾ? ಹತ್ತಿ ಇಳಿಯೋದಕ್ಕೆ ಅನುಕೂಲ.

ಉತ್ತರ: ಪವರ್ ಸ್ಟೀರಿಂಗ್ ಇಲ್ಲದೆ ಬೇಡ. 40 ಸೆಂ.ಮೀ. ವೀಲಿನ ಜಾಗದಲ್ಲಿ 32 ಸೆಂ.ಮೀ.ನದು ಹಾಕಿದರೆ ಕೈಗೆ ಕಾಲು ಭಾಗ ಹೆಚ್ಚು ಬಲ ಬೇಕು. ಘಾಟಿಯ ಇಳಿಜಾರಿನಲ್ಲಿ ಅದು ಗೊತ್ತಾಗುತ್ತದೆ. ಮೊದಲು ಬೆಲ್ ಕ್ರ್ಯಾಂಕ್ ನೋಡಿ, ಬಾಕ್ಸಿನ ಎಣ್ಣೆ ನೋಡಿ. ಏನು ಸಿಕ್ಕಿತು ಅಂತ ಬರೆಯಿರಿ, ಮುಂದಿನದನ್ನು ಅದರ ಮೇಲೆ ಹೇಳುತ್ತೇನೆ.