115, 124, 147: ಪಿಸ್ತೂಲಿಗೆ ಯಾವ ತೂಕದ ಗುಂಡು ಒಳ್ಳೆಯದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. 9 ಎಂಎಂ ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನಲ್ಲಿ ಹೊಸದಾಗಿ ಗುರಿ ಅಭ್ಯಾಸ ಶುರು ಮಾಡಿದ್ದೀರಿ. ತೋಟಾ ಪೆಟ್ಟಿಗೆಗಳ ಮೇಲೆ 115, 124, 147 ಅಂತ ಮೂರು ಸಂಖ್ಯೆ ಇವೆ. ಒಬ್ಬರು ಹಗುರದ್ದೇ ತಗೊಳ್ಳಿ ಅಂತಾರೆ, ಇನ್ನೊಬ್ಬರು ಭಾರದ್ದೇ ಸರಿ ಅಂತಾರೆ. ಯಾರ ಮಾತು ಕೇಳಬೇಕು?

ಇಬ್ಬರದೂ ಬೇಡ, ನಿಮ್ಮ ಪಿಸ್ತೂಲಿನ ಮಾತು ಕೇಳಿ. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಯಾವುದಾದರೂ ಒಂದರಿಂದ ಶುರು ಮಾಡಲೇಬೇಕು ಅಂದರೆ 124 ತೆಗೆದುಕೊಳ್ಳಿ. 9 ಎಂಎಂ ತೋಟಾ 1902ರ ಹೊತ್ತಿಗೆ ಜರ್ಮನಿಯಲ್ಲಿ ಹುಟ್ಟಿದಾಗ ಅದರ ಗುಂಡು ಹೆಚ್ಚುಕಡಿಮೆ ಇದೇ ತೂಕದ್ದು. ಈ ತೂಕವನ್ನು ಬೇಡ ಅನ್ನುವ 9 ಎಂಎಂ ಪಿಸ್ತೂಲು ನನ್ನ ಕೈಗೆ ಇನ್ನೂ ಸಿಕ್ಕಿಲ್ಲ.

ಮೊದಲು ಆ ಸಂಖ್ಯೆ ಏನು ಅಂತ ನೋಡೋಣ. ಅದು ಗ್ರೇನ್ ಅನ್ನೋ ಹಳೆ ಅಳತೆ. ನಮ್ಮ ಗುಲಗಂಜಿ ತೂಕದ ಹಾಗೆ ಅದೂ ಕಾಳಿನ ಲೆಕ್ಕದಿಂದ ಬಂದದ್ದು. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. 115 ಅಂದರೆ ಏಳೂವರೆ ಗ್ರಾಂ, 124 ಅಂದರೆ ಎಂಟು ಗ್ರಾಂ, 147 ಅಂದರೆ ಒಂಬತ್ತೂವರೆ ಗ್ರಾಂ. ಇದು ನಳಿಕೆಯಿಂದ ಹಾರಿಹೋಗುವ ಗುಂಡಿನ ತೂಕ ಮಾತ್ರ. ಒಳಗಿನ ಮದ್ದಿನ ತೂಕ ಅಂತ ಅಂದುಕೊಳ್ಳುವವರು ಬಹಳ ಜನ, ನಾನೂ ಅಂದುಕೊಂಡಿದ್ದೆ!

ಭಾರದ ಗುಂಡು ನಿಧಾನಕ್ಕೆ ಹೋಗುತ್ತದೆ. ಸಾಮಾನ್ಯ ತೋಟಾಗಳಲ್ಲಿ 115 ಸೆಕೆಂಡಿಗೆ ಸುಮಾರು 350 ಮೀಟರ್, 147 ಸುಮಾರು 300 ಮೀಟರ್. ಗಾಳಿಯಲ್ಲಿ ಶಬ್ದದ ವೇಗ 340ರ ಆಸುಪಾಸು. ಅದಕ್ಕೇ 147ರಲ್ಲಿ ಗುಂಡು ಗಾಳಿ ಸೀಳುವ ಆ ಚಟಾರ್ ಸದ್ದು ಇರುವುದಿಲ್ಲ. ಹಾಗಂತ ಕಿವಿಗೆ ಮಫ್ ಹಾಕದೆ ಹೊಡೆಯಬೇಡಿ, ಮದ್ದಿನ ಸದ್ದು ಎಲ್ಲೂ ಹೋಗಿರುವುದಿಲ್ಲ.

ಇನ್ನು ಹೊಡೆದಾಗ ಕೈಗೆ ಬರುವ ಒದೆತ. ಭಾರದ ಗುಂಡು ಜಾಸ್ತಿ ಒದೆಯುತ್ತದೆ ಅಂತ ಎಲ್ಲರಿಗೂ ಅನ್ನಿಸುತ್ತದೆ, ಅಲ್ವಾ? ಕೈಗೆ ಗೊತ್ತಾಗುವುದು ಉಲ್ಟಾ. 115 ಅಂಗೈಗೆ ಚುರುಕಾಗಿ ಒಂದು ಏಟು ಕೊಟ್ಟು ಪಿಸ್ತೂಲಿನ ಮೂತಿಯನ್ನು ಪಟ್ ಅಂತ ಮೇಲೆತ್ತುತ್ತದೆ. 147 ಯಾರೋ ಮೆತ್ತಗೆ ತಳ್ಳಿದ ಹಾಗೆ. ಹಗುರ ಗುಂಡನ್ನು ವೇಗವಾಗಿ ಓಡಿಸಲು ಮದ್ದು ಜಾಸ್ತಿ ಬೇಕು, ಆ ಮದ್ದಿನ ಗ್ಯಾಸ್ ಕೂಡ ಕೈಯನ್ನು ಒದೆಯುತ್ತದೆ. ಸ್ಪರ್ಧೆಗೆ ಹೋಗುವ ಅನೇಕರು 147 ಇಷ್ಟಪಡುವುದು ಈ ಕಾರಣಕ್ಕೇ. ಐಪಿಎಸ್‌ಸಿ ಅನ್ನುವ ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆಯ ಸ್ಪರ್ಧೆಗಳಲ್ಲಿ ಗುಂಡಿನ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ಅನ್ನುವ ವೇಗದಿಂದ ಗುಣಿಸಿ, ಸಾವಿರದಿಂದ ಭಾಗಿಸುತ್ತಾರೆ. ಮೈನರ್ ಅನ್ನುವ ಕಡಿಮೆ ಬಲದ ವರ್ಗಕ್ಕೆ ಉತ್ತರ ಕನಿಷ್ಠ 125 ಇರಬೇಕು. 115 ಗುಂಡು 1150 ಅಡಿ ವೇಗದಲ್ಲಿ ಹೋದರೆ 132. 147 ಗುಂಡು ಬರೀ 900 ಅಡಿಯಲ್ಲಿ ಹೋದರೂ ಅದೇ 132. ಲೆಕ್ಕ ಒಂದೇ, ಆದರೆ ಎರಡನೆಯದರಲ್ಲಿ ಗುರಿ ಹಿಡಿಯಲು ನಳಿಕೆಯ ತುದಿಯಲ್ಲಿರುವ ಮುಂದಿನ ಸೈಟ್ ಮತ್ತೆ ಗುರಿಗೆ ಬಂದು ಕೂರುವುದು ನಿಮಗೇ ಕಾಣುತ್ತದೆ.

ಹಾಗಾದರೆ 147 ತಗೊಂಡುಬಿಡೋಣ ಅಂತೀರಾ? ಸ್ವಲ್ಪ ತಡೆಯಿರಿ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಆ ಒದೆತಕ್ಕೂ ಒಂದು ಕೆಲಸ ಇದೆ. ಅದರ ಬಲದಿಂದಲೇ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದೆ ಹೋಗಿ, ಗುಂಡು ಹಾರಿದ ಮೇಲೆ ಉಳಿದ ತೋಟಾದ ಖಾಲಿ ಕೇಸನ್ನು ಹೊರಗೆಸೆದು, ಸ್ಪ್ರಿಂಗ್ ತಳ್ಳಿದಾಗ ಮುಂದೆ ಬಂದು ಹೊಸ ತೋಟಾವನ್ನು ಒಳಗೆ ತಳ್ಳಬೇಕು. ನಾನು ಹೊಸ ಪಿಸ್ತೂಲಿಗೆ ಅಗ್ಗದ 115 ತೋಟಾ ಹಾಕಿದ್ದೆ. ಸ್ಪ್ರಿಂಗ್ ಇನ್ನೂ ಬಿಗಿಯಾಗಿತ್ತು, ಆ ತೋಟಾದಲ್ಲಿ ದಮ್ಮು ಕಮ್ಮಿ. ಪ್ರತಿ ಹತ್ತು ಗುಂಡಿಗೆ ಒಮ್ಮೆಯಾದರೂ ಖಾಲಿ ಕೇಸ್ ಹಾರದೆ, ಸ್ಲೈಡಿನ ಬಾಯಲ್ಲಿ ಚಿಮಣಿ ಥರ ನೆಟ್ಟಗೆ ನಿಂತುಬಿಡುತ್ತಿತ್ತು. ಮಣಿಕಟ್ಟು ಸಡಿಲ ಬಿಟ್ಟಿದ್ದೀಯ ಅಂತ ಪಕ್ಕದವರು ಬೈದರು. ಅವರು ಹೇಳಿದ್ದೂ ಸುಳ್ಳಲ್ಲ, ಮಣಿಕಟ್ಟು ಸಡಿಲ ಇದ್ದರೆ ಹೀಗೇ ಆಗುತ್ತದೆ. ಆದರೆ ಅದೇ ಕೈಯಲ್ಲಿ 124 ಹಾಕಿದಾಗ ಒಂದೂ ನಿಲ್ಲಲಿಲ್ಲ. 147ಕ್ಕೂ ಅದರದ್ದೇ ತಕರಾರು ಇದೆ. ಆ ಗುಂಡುಗಳ ಮೂತಿ ಹೆಚ್ಚಾಗಿ ಚಪ್ಪಟೆ. ಕೆಲವು ಪಿಸ್ತೂಲುಗಳಲ್ಲಿ ಅದು ತೋಟಾ ತುಂಬುವ ಮ್ಯಾಗಜೀನಿನಿಂದ ನಳಿಕೆಗೆ ಏರುವಾಗ ಎಡವುತ್ತದೆ.

ಇನ್ನೊಂದು ಪೆದ್ದುತನ ಹೇಳಿಬಿಡುತ್ತೇನೆ. ಮೊದಲ ಸಲ 147 ಹೊಡೆದ ದಿನ, 25 ಮೀಟರ್ ದೂರದ ಹಾಳೆಯಲ್ಲಿ ಗುಂಡುಗಳೆಲ್ಲ ನಡುವಿಗಿಂತ ಎರಡು ಬೆರಳು ಮೇಲೆ ಬಿದ್ದವು. ನಿಧಾನದ ಗುಂಡು ಕೆಳಗೆ ಬೀಳಬೇಕಲ್ಲ, ಹಾಗಾದರೆ ಸೈಟ್ ಹಾಳಾಗಿದೆ ಅಂತ ಹಿಂದಿನ ಸೈಟಿನ ಸ್ಕ್ರೂ ತಿರುಗಿಸಿ ಇಳಿಸಿದೆ. ಮುಂದಿನ ವಾರ 115 ಹಾಕಿದರೆ ಎಲ್ಲ ಕೆಳಗೆ! ಒಂದು ಗಂಟೆ ಸುಮ್ನೆ ಹಾಳಾಯಿತು. ಆಮೇಲೆ ಒಬ್ಬ ಹಿರಿಯರು ತಿಳಿಸಿದರು: ಗುಂಡು ನಳಿಕೆ ಬಿಡುವ ಮುಂಚೆಯೇ ಪಿಸ್ತೂಲಿನ ಮೂತಿ ಏಳಲು ಶುರುವಾಗಿರುತ್ತದೆ. ನಿಧಾನದ ಗುಂಡು ನಳಿಕೆಯಲ್ಲಿ ಸ್ವಲ್ಪ ಹೊತ್ತು ಜಾಸ್ತಿ ಇರುತ್ತದೆ, ಅಷ್ಟರಲ್ಲಿ ಮೂತಿ ಇನ್ನೂ ಮೇಲೆದ್ದಿರುತ್ತದೆ. ದಾರಿಯಲ್ಲಿ ಅದು 115ಕ್ಕಿಂತ ಜಾಸ್ತಿ ಕೆಳಗಿಳಿಯುವುದು ನಿಜ, ಆದರೆ ಅಷ್ಟು ದೂರಕ್ಕೆ ಆ ವ್ಯತ್ಯಾಸ ಒಂದು ಸೆಂಟಿಮೀಟರ್ ಕೂಡ ಆಗುವುದಿಲ್ಲ.

ಈಗ ಪಿಸ್ತೂಲಿನ ಮಾತು ಕೇಳುವ ಬಗೆ. ಮೂರು ತೂಕದ್ದೂ ಒಂದೊಂದು ಪೆಟ್ಟಿಗೆ ತನ್ನಿ, ಆದರೆ ಒಟ್ಟಿಗೆ ಬೆರೆಸಬೇಡಿ. ಮೊದಲು ಮ್ಯಾಗಜೀನಿಗೆ ಒಂದೇ ತೋಟಾ ಹಾಕಿ ಹೊಡೆಯಿರಿ. ಹೊಡೆದ ಮೇಲೆ ಸ್ಲೈಡ್ ಹಿಂದೆಯೇ ನಿಂತರೆ, ಅದನ್ನು ಪೂರ್ತಿ ದಬ್ಬುವಷ್ಟು ಬಲ ಆ ತೋಟಾದಲ್ಲಿದೆ ಅಂತ ಅರ್ಥ. ಇದನ್ನು ಐದಾರು ಸಲ ಮಾಡಿ. ಆಮೇಲೆ ಮ್ಯಾಗಜೀನ್ ತುಂಬಿಸಿ ಜಾಮ್ ಆಗುತ್ತಾ ನೋಡಿ. ಜಾಮ್ ಆಗದೆ ಉಳಿದದ್ದನ್ನು 15 ಮೀಟರಿನಲ್ಲಿ, ಕೈಗಳನ್ನು ಮೇಜಿನ ಮೇಲಿನ ಚೀಲಕ್ಕೆ ಆನಿಸಿ, ಐದೈದು ಹೊಡೆಯಿರಿ. ಹಾಳೆಯ ಮೇಲೆ ತೂಕ ಬರೆದಿಡಿ. ಗುಂಡು ನಡುವಿಗೇ ಬಿತ್ತಾ ಅಂತ ಈಗಲೇ ನೋಡಬೇಡಿ, ಐದೂ ಎಷ್ಟು ಹತ್ತಿರ ಬಿದ್ದಿವೆ ನೋಡಿ. ನಡುವಿಗೆ ತರಲು ಸೈಟ್ ಇದೆ, ಚದುರಿದ್ದನ್ನು ಒಟ್ಟು ಮಾಡಲು ಏನೂ ಇಲ್ಲ.

ಪೆಟ್ಟಿಗೆ ಮೇಲೆ ಪ್ಲಸ್ ಪಿ ಅಂತ ಇದ್ದರೆ ಮಾತ್ರ ಮೊದಲು ಪಿಸ್ತೂಲಿನ ಕೈಪಿಡಿ ತೆಗೆದು ನೋಡಿ. ಅದು ಜಾಸ್ತಿ ಒತ್ತಡದ ತೋಟಾ, ತೂಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಭ್ಯಾಸಕ್ಕೆ ಅದರ ಅಗತ್ಯವೂ ಇಲ್ಲ.

ನನ್ನ ಪಿಸ್ತೂಲಿಗೆ ಕೊನೆಗೆ ಒಗ್ಗಿದ್ದು 124. ಸ್ಪ್ರಿಂಗ್ ಪಳಗಿದ ಮೇಲೆ ಅದೇ ಅಗ್ಗದ 115 ಕೂಡ ತಕರಾರಿಲ್ಲದೆ ಓಡುತ್ತಿದೆ. ಹಾಗಾಗಿ ನಿಮ್ಮದು ಹೊಸದಾಗಿದ್ದರೆ, ಇವತ್ತು ಯಾವ ತೂಕ ಬೇಡ ಅಂದಿತೋ ಅದನ್ನು ಮುನ್ನೂರು ನಾನೂರು ಗುಂಡು ಆದಮೇಲೆ ಇನ್ನೊಮ್ಮೆ ಹಾಕಿ ನೋಡಿ.